ಸೌಲನಿಗೂ ಒಂದು ಶೋಕಗೀತೆ



ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಹತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೋ ಇದನ್ನು ತಮ್ಮ ಮಠಗಳಲ್ಲಿ ಆಚರಣೆಗೆ ತಂದರು. ಮುಂದೆ ಇಡೀ ಧರ್ಮಸಭೆ ಅದನ್ನು ಸ್ವೀಕರಿಸಿತು. ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಅಗಲಿದವರ ಹೆಸರನ್ನು ಬಲಿಪೂಜೆಗೆ ಬರೆಸುತ್ತೇವೆ. ಆದರೆ ಕೆಲವು ಮನೆಯವರು ಹೆಸರು ಬರೆಸಲು ಇಂದಿಗೂ ಹಿಂಜರಿಯುತ್ತಾರೆ. ತನ್ನ ಪ್ರಾಣವನ್ನು ತಾನೇ ಕಳೆದುಕೊಂಡವರ ಮನೆಯವರು ಅವರು. ಅವರಿಗೆ ಶೋಕದ ಜೊತೆಗೆ ನಾಚಿಕೆಯ ಹೊರೆಯೂ ಉಂಟು. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಆವರಣದಲ್ಲಿ ವೀರಗಲ್ಲುಗಳನ್ನು ನೀವು ನೋಡಿರಬಹುದು. ಕದಂಬರ ರಾಜಧಾನಿಯಾಗಿದ್ದ ಈ ಊರಿಗೆ 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದ್ದ. ವೀರಗಲ್ಲಿನ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಸತ್ತವನ ಹೆಸರು ಮಣ್ಣಾಗಬಾರದೆಂಬ ಆಸೆ ಅಂದಿನವರಿಗೂ ಇತ್ತು. ಆದರೆ ಕಲ್ಲು ನಿಂತದ್ದು ಹೋರಾಡಿ ಸತ್ತವನಿಗೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಗೋವಿನಜೋಳ, ಹತ್ತಿ ಬಿತ್ತಿ, ಮಳೆ ಕೈಕೊಟ್ಟು, ಸಾಲದಲ್ಲಿ ಸೋತು ಜೀವ ಬಿಟ್ಟ ರೈತನಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ? ಅವನ ಹೆಸರಿನಲ್ಲಿ ಏಳುವುದು ಒಂದು ಕಡತ ಮಾತ್ರ. ಸರಕಾರ 2015ರಲ್ಲಿ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು, ಅದು ಬೇಕಾದದ್ದೇ. ಆದರೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಕಣ್ಣೀರು ಆರುವ ಮುಂಚೆಯೇ ಪಹಣಿ, ಸಾಲದ ಕಾಗದ ಹಿಡಿದು ಅಲೆಯಬೇಕು. ಆ ಸಾವು 'ಅರ್ಹ'ವೋ 'ಅನರ್ಹ'ವೋ ಎಂದು ಸಮಿತಿ ತೀರ್ಮಾನಿಸುತ್ತದೆ!

ಪವಿತ್ರ ಬೈಬಲ್ ಇಂಥ ಸಾವನ್ನು ಹೇಗೆ ಕಂಡಿದೆ? ಇಸ್ರಯೇಲಿನ ಮೊದಲ ಅರಸ ಸೌಲ ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಮೂವರು ಗಂಡುಮಕ್ಕಳನ್ನು ಕಳೆದುಕೊಂಡು, ಗಾಯಗೊಂಡು, ಕೊನೆಗೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನೆಂದು ಸಮುವೇಲನ ಮೊದಲನೆಯ ಗ್ರಂಥದ 31ನೇ ಅಧ್ಯಾಯ ಹೇಳುತ್ತದೆ. ಶತ್ರುಗಳು ಅವನ ದೇಹವನ್ನು ಗೋಡೆಗೆ ತೂಗುಹಾಕಿದರು. ಆಗ ಯಾಬೇಷ್ ಗಿಲ್ಯಾದಿನವರು ರಾತ್ರಿಯಿಡೀ ನಡೆದು ಬಂದು, ದೇಹವನ್ನು ಇಳಿಸಿ ಒಯ್ದು, ಎಲುಬುಗಳನ್ನು ಮರದಡಿ ಹೂಳಿ, ಏಳು ದಿನ ಉಪವಾಸ ಮಾಡಿದರು. ಹಿಂದೊಮ್ಮೆ ಸೌಲ ಅವರ ಊರನ್ನು ಕಾಪಾಡಿದ್ದ, ಅದನ್ನು ಅವರು ಮರೆತಿರಲಿಲ್ಲ. ಅವನು ಹೇಗೆ ಸತ್ತ ಎಂಬುದಕ್ಕಿಂತ ಹೇಗೆ ಬದುಕಿದ್ದ ಎಂಬುದು ಅವರಿಗೆ ದೊಡ್ಡದಾಗಿತ್ತು. ವರ್ಷಗಟ್ಟಲೆ ಸೌಲನಿಂದ ಬೆನ್ನಟ್ಟಿಸಿಕೊಂಡ ದಾವೀದನೇ ಬಟ್ಟೆ ಹರಿದುಕೊಂಡು ಅತ್ತ, ಶೋಕಗೀತೆ ಹಾಡಿದ. ಯೂದಾಯದ ಜನರೆಲ್ಲರಿಗೂ ಅದನ್ನು ಕಲಿಸಲು ಹೇಳಿದ. ಆ ಗೀತೆಯಲ್ಲಿ ಸೌಲನ ಮೇಲೆ ಒಂದು ದೂರಿನ ಮಾತೂ ಇಲ್ಲ. ಶವಸಂಸ್ಕಾರ ಮಾಡಿದವರಿಗೆ ಆಶೀರ್ವಾದದ ಸಂದೇಶವನ್ನೂ ಕಳುಹಿಸಿದ.

ಧರ್ಮಸಭೆಯ ಕಾನೂನು ಮಾತ್ರ ಬಹುಕಾಲ ಬಿಗಿಯಾಗಿತ್ತು. ಜೀವ ದೇವರ ಕೊಡುಗೆ ಎಂಬ ಬೋಧನೆಯನ್ನು ಕಾಪಾಡುವುದೇ ಅದರ ಉದ್ದೇಶ. ಆರನೇ ಶತಮಾನದ ಬ್ರಾಗಾ ಧರ್ಮಸಮ್ಮೇಳನ ಇಂಥವರಿಗೆ ಅಂತ್ಯಸಂಸ್ಕಾರದ ಗೌರವ ಕೂಡದೆಂದಿತು. 1917ರ ಧರ್ಮಸಭಾ ಕಾನೂನು ಕೂಡ ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಅದನ್ನು ನಿರಾಕರಿಸಿತ್ತು. ನಮ್ಮ ಹಿರಿಯರ ಮನಸ್ಸಿನಲ್ಲಿ ಕೂತಿರುವುದು ಇದೇ ಕಾನೂನು. ಆದರೆ 1983ರ ಹೊಸ ಕಾನೂನಿನ 1184ನೇ ವಿಧಿಯಲ್ಲಿ ಇಂಥವರ ಉಲ್ಲೇಖವೇ ಇಲ್ಲ. 1992ರ ಧರ್ಮೋಪದೇಶ ಗ್ರಂಥ ಆತ್ಮಹತ್ಯೆ ಗಂಭೀರ ತಪ್ಪೆಂದು ಹೇಳುತ್ತಲೇ, ತೀವ್ರ ಮನೋವ್ಯಥೆ, ಭಯ, ಸಂಕಟಗಳು ಆ ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲವೆಂದು ಒಪ್ಪುತ್ತದೆ. ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದೂ ಕಲಿಸುತ್ತದೆ (2282-2283). ಆದ್ದರಿಂದ ಆ ಹೆಸರನ್ನು ಧೈರ್ಯವಾಗಿ ಬರೆಸಿ. ಬೇಡವೆನ್ನುವ ಹಕ್ಕು ಯಾವ ನೆಂಟರಿಗೂ ಇಲ್ಲ.

ಇನ್ನು ಉಳಿದವರ ಗಾಯ. 1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ಅಗ್ನಿದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರನ್ನು ಆರೈಕೆ ಮಾಡಿದ ವೈದ್ಯ ಲಿಂಡೆಮನ್ 1944ರಲ್ಲಿ ಒಂದು ಲೇಖನ ಬರೆದರು. ಗಂಟಲು ಕಟ್ಟುವುದು, ನಿಟ್ಟುಸಿರು, ಊಟ ರುಚಿಸದಿರುವುದು, 'ನಾನು ಹೀಗೆ ಮಾಡಿದ್ದರೆ ಉಳಿಯುತ್ತಿದ್ದರೇನೋ' ಎಂಬ ಕೊರಗು ಶೋಕದ ಲಕ್ಷಣಗಳೆಂದು ಅದರಲ್ಲಿ ಗುರುತಿಸಿದರು. ಆತ್ಮಹತ್ಯೆಯಾದ ಮನೆಯಲ್ಲಿ ಈ ಕೊರಗೇ ಎಲ್ಲಕ್ಕಿಂತ ಭಾರ. ಅಲ್ಲಿಗೆ ಹೋಗಿ "ದೇವರ ಚಿತ್ತ" ಎಂದುಬಿಡುವುದು ಸುಲಭ, ಆದರೆ ಅದು ಗಾಯಕ್ಕೆ ಉಪ್ಪು ಹಾಕಿದಂತೆ. ಯೋಬನ ಗೆಳೆಯರು ಏಳು ದಿನ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದಾಗ ಚೆನ್ನಾಗಿಯೇ ನಡೆದುಕೊಂಡರು. ಕೆಟ್ಟದ್ದು ಅವರು ಉಪದೇಶ ಶುರುಮಾಡಿದ ಮೇಲೆ!

ಪ್ರವಾದಿ ಎಲೀಯ ಮರುಭೂಮಿಯಲ್ಲಿ ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿದ. ದೇವರು ಅವನನ್ನು ಗದರಲಿಲ್ಲ. ನಿದ್ದೆ ಕೊಟ್ಟರು, ದೂತನ ಕೈಯಲ್ಲಿ ರೊಟ್ಟಿ, ನೀರು ಕಳುಹಿಸಿದರು. ಒಂದಲ್ಲ, ಎರಡು ಸಲ. ಸಾವಿನ ಮನೆಗೆ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗುವ ನಮ್ಮ ತಾಯಂದಿರಿಗೆ ಈ ಪಾಠ ಗೊತ್ತೇ ಇದೆ. ಅದು ಮೂರನೇ ದಿನಕ್ಕೆ ನಿಲ್ಲಬಾರದು, ಅಷ್ಟೇ. ಮೂರನೇ ತಿಂಗಳಲ್ಲೂ ಹೋಗಿ. ಸತ್ತವರ ಹೆಸರು ಹಿಡಿದು ಮಾತಾಡಿ. ಮಕ್ಕಳಿಂದ ಸುದ್ದಿ ಮುಚ್ಚಿಡಬೇಡಿ, ಅವರು ಬೀದಿಯಲ್ಲಿ ಹೇಗೂ ಕೇಳುತ್ತಾರೆ. ಅವರಿಗೆ ಅರ್ಥವಾಗುವಷ್ಟು ಮನೆಯವರೇ ಹೇಳಲಿ.

ಉಳಿದವರಲ್ಲಿ ಯಾರಾದರೂ ತಾವೂ ಬದುಕುವುದು ಬೇಡ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರಾರ್ಥನೆ ಮಾಡಿ, ಜೊತೆಗೆ ವೈದ್ಯರ ಹತ್ತಿರವೂ ಕರೆದೊಯ್ಯಿರಿ. ನಮಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮಗನನ್ನು ಕಳೆದುಕೊಂಡ ತಂದೆ ಆ ವರ್ಷ ಹೊಲದ ಕಡೆ ಹೋಗಲಾರದೆ ಕುಳಿತರೆ, ಧರ್ಮಕೇಂದ್ರದ ಯುವಕರು ಎರಡು ದಿನ ಬಿತ್ತನೆಗೆ ಕೈಜೋಡಿಸಲಿ. ಯಾಬೇಷಿನವರು ನಡೆದ ದಾರಿ ಅದಕ್ಕಿಂತ ದೂರದ್ದು.