ಪಕ್ಷಗಳ ಜಗಳದಲ್ಲಿ ನಮ್ಮ ಸ್ಥಳೀಯ ಸಂಸ್ಥೆಗಳು

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇರಲಿಲ್ಲ. 1985ರ 52ನೇ ತಿದ್ದುಪಡಿಯಲ್ಲಿ, ಅದೂ ಪಕ್ಷಾಂತರ ತಡೆಯುವ ಸಲುವಾಗಿ, ಅವು ಒಳಗೆ ಬಂದವು. ಇಷ್ಟು ದೊಡ್ಡ ದೇಶದಲ್ಲಿ ಪಕ್ಷಗಳಿಲ್ಲದೆ ಸರ್ಕಾರ ರಚಿಸುವುದು ಕಷ್ಟವೆಂಬುದು ನಿಜ. ಆದರೆ ಪಕ್ಷ ಬೇರೆ, ಪಕ್ಷಮೋಹ ಬೇರೆ. ತನ್ನವರು ಅನ್ಯಾಯ ಮಾಡಿದಾಗಲೂ ಅವರ ಬೆನ್ನಿಗೆ ನಿಲ್ಲುವುದನ್ನು ಪ್ರವಾದಿವರ್ಯರು (ಸ) ‘ಅಸಬಿಯ್ಯತ್’ ಎಂದು ಖಂಡಿಸಿದ್ದಾರೆ. ಅದರ ಹಾನಿಯನ್ನು ನೋಡಲು ವಿಧಾನಸೌಧಕ್ಕೆ ಹೋಗಬೇಕಾಗಿಲ್ಲ. ನಲ್ಲಿ, ಚರಂಡಿ, ಬೀದಿದೀಪ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳ ಇತಿಹಾಸವೇ ಸಾಕು.

ಕರ್ನಾಟಕದಲ್ಲಿ ಈ ಸಂಸ್ಥೆಗಳಿಗೆ ಜೀವ ತುಂಬಿದವರು ಮರ್ಹೂಮ್ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿ ‘ನೀರ್ ಸಾಬ್’ ಎಂದು ಹೆಸರಾದ ಗುಂಡ್ಲುಪೇಟೆಯ ಈ ನಾಯಕರು, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿ 1983ರ ಪಂಚಾಯತ್ ಕಾಯ್ದೆಯನ್ನು ತಂದರು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟ ಆ ಕಾಯ್ದೆಯಡಿ 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಹುಟ್ಟಿದವು. ಮರುವರ್ಷವೇ ನಜೀರ್ ಸಾಬರು ತೀರಿಕೊಂಡರು. 1989ರಲ್ಲಿ ಸರ್ಕಾರ ಬದಲಾಯಿತು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಜಿಲ್ಲಾ ಮಟ್ಟದಲ್ಲಿ ಜನ ಮತ್ತೆ ಮತ ಹಾಕಿದ್ದು 1995ರಲ್ಲಿ. ಎದುರು ಪಕ್ಷದವರು ಕಟ್ಟಿದ ಮನೆಯಲ್ಲಿ ದೀಪ ಹಚ್ಚಲು ಮನಸ್ಸಿರಲಿಲ್ಲ ಎಂದೇ ನನ್ನ ಭಾವನೆ.

1993ರ ಹೊಸ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಯ ಮಟ್ಟಿಗೆ ಪಕ್ಷದ ಚಿಹ್ನೆಯನ್ನು ಹೊರಗಿಡಲಾಯಿತು. ಯಾರು ಯಾವ ಪಕ್ಷದವರೆಂದು ಊರಿಗೆಲ್ಲ ಗೊತ್ತಿರುತ್ತದೆ. ಫಲಿತಾಂಶದ ಮರುದಿನ ಎಲ್ಲ ಪಕ್ಷಗಳೂ ‘ನಮ್ಮ ಬೆಂಬಲಿಗರೇ ಹೆಚ್ಚು’ ಎನ್ನುತ್ತವೆ! ಆದರೂ ಗೆದ್ದವರು ಟಿಕೆಟ್ ಕೊಟ್ಟವರ ಮುಖ ನೋಡಬೇಕಾಗಿಲ್ಲ, ಓಟು ಕೊಟ್ಟ ನೆರೆಯವರ ಮುಖ ನೋಡಿದರೆ ಸಾಕು. ವೈಟ್‌ಫೀಲ್ಡ್ ಸಮೀಪದ ವರ್ತೂರು, ಬೆಳ್ಳಂದೂರುಗಳೂ ಆಗ ಗ್ರಾಮ ಪಂಚಾಯಿತಿಗಳೇ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ದಾಸರಹಳ್ಳಿ, ಮಹದೇವಪುರ, ಬೊಮ್ಮನಹಳ್ಳಿ ಎಲ್ಲವೂ ಅದರೊಳಗೆ. ಹಳೆಯ ಪಾಲಿಕೆಯ ಅವಧಿ 2006ರ ನವೆಂಬರ್‌ನಲ್ಲೇ ಮುಗಿದಿತ್ತು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಆ ಹಳ್ಳಿಗಳವರಿಗೆ ಪಂಚಾಯಿತಿಯೂ ಇಲ್ಲ, ಕಾರ್ಪೊರೇಟರೂ ಇಲ್ಲ.

2015ರ ಆಗಸ್ಟ್ ಚುನಾವಣೆಯಲ್ಲಿ 198 ವಾರ್ಡುಗಳ ಪೈಕಿ ಬಿಜೆಪಿ 100 ಗೆದ್ದಿತು. ಆದರೆ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತವಿದ್ದುದರಿಂದ ಕಾಂಗ್ರೆಸ್, ಜೆಡಿಎಸ್ ಕೂಡಿ ಮೇಯರ್ ಸ್ಥಾನ ಪಡೆದವು. ಆ ಸಭೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ನಂತರ ಬಿಜೆಪಿ ಸರ್ಕಾರ ವಾರ್ಡುಗಳನ್ನು 243ಕ್ಕೆ ಏರಿಸಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ 225ಕ್ಕೆ ಇಳಿಸಿತು. ಪ್ರತಿ ಸಲವೂ ಗಡಿ ಬದಲು, ಮೀಸಲಾತಿ ಬದಲು, ಕೋರ್ಟಿನಲ್ಲಿ ದಾವೆ. ಚುನಾವಣೆ ಮುಂದಕ್ಕೆ ಹಾಕುವ ವಿಷಯದಲ್ಲಿ ಮಾತ್ರ ಈ ಪಕ್ಷಗಳ ನಡುವೆ ಭಿನ್ನಾಭಿಪ್ರಾಯ ಕಾಣಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದವು. ಅಲ್ಲಿಯವರೆಗೂ ಐದು ವರ್ಷ ಅಧಿಕಾರಿಗಳದ್ದೇ ಆಡಳಿತ.

ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಹಳ್ಳಿಗಳು ನಗರಕ್ಕೆ ಸೇರಿದ 17 ವರ್ಷಗಳ ಮೇಲೆ. ವಿಳಂಬಕ್ಕೆ ಪಕ್ಷಗಳೊಂದೇ ಕಾರಣವೆನ್ನಲಾಗದು. ಹಣ, ಜಮೀನು, ತಾಂತ್ರಿಕ ತೊಡಕುಗಳೂ ಇದ್ದವು. ಆದರೆ ಟ್ಯಾಂಕರ್ ನೀರಿಗೆ ದುಡ್ಡು ಸುರಿದವರು ಹೋಗಿ ಕೇಳಬಹುದಾದ ತಮ್ಮ ವಾರ್ಡಿನ ಪ್ರತಿನಿಧಿ ಆ ವರ್ಷಗಳಲ್ಲಿ ಬಹುಕಾಲ ಇರಲೇ ಇಲ್ಲ.

ಹಾಗಾದರೆ ಪಕ್ಷಗಳ ಗೊಡವೆಯೇ ಬೇಡವೆನ್ನೋಣವೇ? ಜಯಪ್ರಕಾಶ್ ನಾರಾಯಣರು ಪಕ್ಷರಹಿತ ಪ್ರಜಾಪ್ರಭುತ್ವದ ಕನಸು ಕಂಡಿದ್ದರು. ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಿಂದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಅಲ್ಲಿ ಪಕ್ಷಗಳ ಜಗಳವಿಲ್ಲ, ರಸ್ತೆಗಳೂ ಚೆನ್ನಾಗಿವೆ. ಆದರೆ ಅದರ ಸದಸ್ಯರು ಕೈಗಾರಿಕೆಗಳ ಪ್ರತಿನಿಧಿಗಳು ಮತ್ತು ಅಧಿಕಾರಿಗಳು. ಗೇಟಿನ ಹೊರಗೆ ಬಾಡಿಗೆ ಕೋಣೆಯಲ್ಲಿದ್ದು ಅಲ್ಲಿಗೆ ದುಡಿಯಲು ಹೋಗುವ ಹುಡುಗನಿಗೆ ಅವರನ್ನು ಆರಿಸುವ ಹಕ್ಕಿಲ್ಲ. ಪೀಣ್ಯದ ಹುಡುಗನಿಗೆ ಆ ಹಕ್ಕು ಕಾಗದದ ಮೇಲಿತ್ತು. 2015ರ ಚುನಾವಣೆಯ ಮರುದಿನ ಹದಿನೆಂಟು ತುಂಬಿದ್ದರೆ, ಪಾಲಿಕೆ ಐದಾಗುವ ಹೊತ್ತಿಗೆ ಅವನಿಗೆ ಇಪ್ಪತ್ತೆಂಟು. ಅಷ್ಟರಲ್ಲಿ ವಿಧಾನಸಭೆಗೆ ಎರಡು ಸಲ, ಲೋಕಸಭೆಗೆ ಎರಡು ಸಲ ಮತ ಹಾಕಿದ್ದಾನೆ; ತನ್ನ ವಾರ್ಡಿಗೆ ಒಂದು ಸಲವೂ ಇಲ್ಲ.