ಗುಟ್ಟು ಕಾಯುವ ಫೋನು, ದೂರು ಕೊಡುವ ಕಾನೂನು

1986ರ ಅಕ್ಟೋಬರ್‌ನಲ್ಲಿ ಬಿಬಿಸಿ ನಿರೂಪಕಿ ಎಸ್ತರ್ ರಾಂಟ್ಸನ್ ಬ್ರಿಟನ್ನಿನಲ್ಲಿ ಚೈಲ್ಡ್‌ಲೈನ್ ಶುರು ಮಾಡಿದರು. ಪ್ರಾಣಕ್ಕೆ ಅಪಾಯ ಇಲ್ಲದಿದ್ದರೆ ಹೇಳಿದ ಮಾತು ಗುಟ್ಟಾಗಿಯೇ ಇರುತ್ತದೆ ಎಂಬ ನಂಬಿಕೆಯೇ ಅದರ ಬಂಡವಾಳ. 2009ರಲ್ಲಿ ಆನ್‌ಲೈನ್ ಚಾಟ್ ಬಂತು. ಟೈಪ್ ಮಾಡಿದ್ದು ಪಕ್ಕದ ಕೋಣೆಗೆ ಕೇಳಿಸುವುದಿಲ್ಲವಲ್ಲ. ದೌರ್ಜನ್ಯ ಎಸಗುವವರು ಎಷ್ಟೋ ಸಲ ಅದೇ ಕೋಣೆಯಲ್ಲಿ ಇರುತ್ತಾರೆ.

ನಮ್ಮ 1098 ಹುಟ್ಟಿದ್ದು 1996ರಲ್ಲಿ, ಮುಂಬೈಯಲ್ಲಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೆರೂ ಬಿಲಿಮೋರಿಯಾ ಅದನ್ನು ಕಟ್ಟಿದ್ದು ಬೀದಿ ಮಕ್ಕಳಿಗಾಗಿ.

2012ರ ನವೆಂಬರ್ 14ರಿಂದ ಪೋಕ್ಸೊ ಜಾರಿಯಾಯಿತು. ಹದಿನೆಂಟರೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಕಲಂ 19. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು. ಆಪ್ತಸಮಾಲೋಚಕರಿಗೂ ವಿನಾಯಿತಿ ಇಲ್ಲ. ಮನೆತನದ ಮರ್ಯಾದೆ ಅಂತ ಊರ ಹಿರಿಯರು ಕಟ್ಟೆ ಮೇಲೆ ಕೂತು ಪ್ರಕರಣ ಮುಗಿಸುವ ನಾಡಿನಲ್ಲಿ ಈ ಕಲಂ ಬೇಕೇ ಬೇಕಿತ್ತು. ಆದರೆ ಕೇಸು ಬೇಡ, ಯಾರಾದರೂ ಕೇಳಿಸಿಕೊಂಡರೆ ಸಾಕು ಅನ್ನುವ ಹದಿನಾರರ ಹುಡುಗಿ ಎಲ್ಲಿಗೆ ಹೋಗಬೇಕು?

2016ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಪೋಕ್ಸೊ ಇ-ಬಾಕ್ಸ್ ತೆರೆಯಿತು. ಅದು ಆನ್‌ಲೈನ್ ಹೌದು, ಆದರೆ ದೂರಿನ ಪೆಟ್ಟಿಗೆ. ಮನಸ್ಸಿನ ಮಾತಿಗೆ 2022ರ ಅಕ್ಟೋಬರ್‌ನಲ್ಲಿ ಒಂದು ದಾರಿ ತೆರೆಯಿತು. ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ಟೆಲಿ-ಮಾನಸ್ 14416 ಶುರುವಾಯಿತು, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಫೋನೆತ್ತುವವರಿಗೂ ಕಲಂ 19 ಅನ್ವಯಿಸುತ್ತದೆ. ಅದನ್ನು ಮಗುವಿಗೆ ಮೊದಲೇ ಹೇಳಿದರೆ ಅದು ಬಾಯಿ ಬಿಡದೇ ಹೋಗಬಹುದು. ಎಲ್ಲ ಕೇಳಿದ ಮೇಲೆ ಹೇಳಿದರೆ ಮೋಸ ಮಾಡಿದಂತೆ. ಮೊದಲೇ ಹೇಳುವುದು ಸರಿ ಅನ್ನುವವರ ಕಡೆ ನಾನು.