ಯಾರ ಕಹಿ, ಯಾರ ಲೆಕ್ಕಕ್ಕೆ?

ಚೀನಾದಲ್ಲಿ ಒಬ್ಬಾಕೆ ‘ವಿನೆಗರ್ ತಿಂದಳು’ ಅಂದರೆ ಅದು ಅಡುಗೆಯ ಮಾತಲ್ಲ. ಗಂಡ ಬೇರೆ ಹೆಣ್ಣಿನತ್ತ ನೋಡಿದ, ಇವಳಿಗೆ ಹೊಟ್ಟೆಕಿಚ್ಚಾಯಿತು ಎಂದರ್ಥ. ಗಂಡಸಿಗೂ ಇದೇ ಮಾತು ಬಳಸುತ್ತಾರೆ.

ಇದಕ್ಕೊಂದು ಕತೆಯಿದೆ. 7ನೇ ಶತಮಾನದ ತಾಂಗ್ ಚಕ್ರವರ್ತಿ ತೈಝೊಂಗ್ ತನ್ನ ಮಂತ್ರಿ ಫಾಂಗ್ ಶುವಾನ್‌ಲಿಂಗ್‌ಗೆ ಉಪಪತ್ನಿಯನ್ನು ಕೊಡಲು ಹೊರಟನಂತೆ. ಮಂತ್ರಿಯ ಹೆಂಡತಿ ಒಪ್ಪಲಿಲ್ಲ. ಒಪ್ಪು, ಇಲ್ಲವೇ ವಿಷ ಕುಡಿ ಎಂದು ಚಕ್ರವರ್ತಿ ಬಟ್ಟಲು ಕಳಿಸಿದ. ಆಕೆ ಗಟಗಟನೆ ಕುಡಿದೇಬಿಟ್ಟಳು. ಒಳಗಿದ್ದದ್ದು ವಿನೆಗರ್.

ಹುಳಿ ಮನೆಯೊಳಗಿನ ಜಗಳವಾದರೆ, ಕಹಿ ಇಡೀ ದೇಶದ ಮಾತು. ಚೀನೀ ಭಾಷೆಯ ‘ಕು’ ಎಂಬ ಪದಕ್ಕೆ ಕಹಿ ಎಂದೂ ಅರ್ಥ, ಕಷ್ಟ ಎಂದೂ ಅರ್ಥ. ‘ಕಹಿ ತಿನ್ನುವುದು’ ಅಂದರೆ ಹಲ್ಲುಕಚ್ಚಿ ಕಷ್ಟ ಸಹಿಸುವುದು. ಕಹಿ ತಿನ್ನಬಲ್ಲವನು ಎಂದರೆ ಅಲ್ಲಿ ಹೊಗಳಿಕೆ.

ಯುವೆ ರಾಜ್ಯದ ದೊರೆ ಗೌಜಿಯಾನ್ ಕ್ರಿಸ್ತಪೂರ್ವ 494ರಲ್ಲಿ ವು ರಾಜ್ಯಕ್ಕೆ ಸೋತ. ಆ ಅವಮಾನ ಮರೆಯಬಾರದೆಂದು ಪಿತ್ತಕೋಶವೊಂದನ್ನು ತೂಗುಹಾಕಿ, ಊಟದ ಹೊತ್ತಿಗೆ ಅದರ ಕಹಿ ನೆಕ್ಕುತ್ತಿದ್ದ ಎಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಕ್ರಿಸ್ತಪೂರ್ವ 473ರಲ್ಲಿ ವು ರಾಜ್ಯವನ್ನೇ ಗೆದ್ದ. ಅವನು ನೆಕ್ಕಿದ ಕಹಿ ಅವನೇ ಆರಿಸಿಕೊಂಡದ್ದು.

1960ರ ದಶಕದಲ್ಲಿ ಕಹಿಯನ್ನು ಸರ್ಕಾರವೇ ಬಡಿಸಿತು. ಮಾವೋ ಕಾಲದ ‘ಕಹಿ ನೆನೆದು ಸಿಹಿ ಅರಿಯಿರಿ’ ಎಂಬ ಅಭಿಯಾನ ಅದು. ಶಾಲೆ, ಕಾರ್ಖಾನೆ, ಹಳ್ಳಿಗಳಲ್ಲಿ ಜನರನ್ನು ಕೂರಿಸಿ ತೌಡು, ಕಾಡುಸೊಪ್ಪು ಬೆರೆಸಿದ ‘ಕಹಿ ನೆನಪಿನ ಊಟ’ ಹಾಕುತ್ತಿದ್ದರು. ಹಳೆಯ ಜಮೀನ್ದಾರರ ಕಾಲದ ಹಸಿವನ್ನು ಮುದುಕರು ಹೇಳಬೇಕು, ಕೇಳಿದವರು ಅಳಬೇಕು, ಈಗಿನ ಬದುಕು ಸಿಹಿ ಎನ್ನಬೇಕು.

ಆದರೆ ನಾಲಿಗೆಗೆ ಬೇರೆಯದೇ ನೆನಪಿತ್ತು. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತಿದ್ದರು, ಹೆಚ್ಚಿನವರು ಹಳ್ಳಿಯವರೇ. ಅದು ಹೊಸ ಸರ್ಕಾರದ ನೀತಿಗಳಿಂದಲೇ ಬಂದ ಕ್ಷಾಮ. ಕಷ್ಟದ ದಿನ ಹೇಳಿ ಎಂದಾಗ ಕೆಲವು ರೈತರು ಜಮೀನ್ದಾರನನ್ನು ಬಿಟ್ಟು ಈ ಹಸಿವನ್ನೇ ಹೇಳಿದ್ದುಂಟು. ಸಭೆ ನಡೆಸುವವರು ಗಾಬರಿಯಿಂದ ಅವರನ್ನು ತಡೆಯುತ್ತಿದ್ದರು.

2023ರ ಮೇ ತಿಂಗಳಲ್ಲಿ ಅಧ್ಯಕ್ಷ ಶಿ ಜಿನ್‌ಪಿಂಗ್, ಹಳ್ಳಿಗಳಲ್ಲಿ ಕೆಲಸ ಮಾಡುವ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಪತ್ರ ಬರೆದರು. ಕಹಿಯನ್ನು ತಾವೇ ಹುಡುಕಿಕೊಂಡು ತಿನ್ನುವ ಅವರ ಮನಸ್ಸನ್ನು ಹೊಗಳಿದರು. ಅಲ್ಲಿ ಆಗ ಓದಿದ ಯುವಕರಿಗೆ ಕೆಲಸ ಸಿಗುವುದೇ ಕಷ್ಟವಾಗಿತ್ತು.

ಕಹಿ ತಿನ್ನುವವನ ಗಟ್ಟಿತನ ದೊಡ್ಡದು, ನಾವು ಅಲ್ಲಗಳೆಯುವುದಿಲ್ಲ. ಆದರೆ ತಿನ್ನು ಎಂದು ಇನ್ನೊಬ್ಬರು ಹೇಳಿದಾಗ, ಆ ಕಹಿ ಎಲ್ಲಿಂದ ಬಂತು ಎಂದು ಕೇಳುವ ಹಕ್ಕೂ ತಿನ್ನುವವನಿಗೆ ಇರಬೇಕು. ಆ ಸಭೆಗಳಲ್ಲಿ ರೈತರ ಬಾಯಿ ಮುಚ್ಚಿಸಿದ್ದು ಆ ಪ್ರಶ್ನೆಗೆ ಹೆದರಿಯೇ.